ಮೂರು ರೂಪಾಯಿಗೂ ಲೆಕ್ಕ ಕೊಟ್ಟ ಮನುಷ್ಯ

ನೀವು ಕೇಳಿದ ಪ್ರಶ್ನೆ: ಗುರುತು ಪರಿಚಯ ಇಲ್ಲದವರು ಮಾಡಿದ ಉಪಕಾರದಲ್ಲಿ ಇವತ್ತಿಗೂ ಮರೆಯಲಾಗದ್ದು ಯಾವುದಾದರೂ ಇದೆಯಾ?

ಇದೆ. 2008ರದ್ದು, ದಾವಣಗೆರೆಯದು.

ಆಗ ನಾನು ಬಿಡಿಟಿ ಕಾಲೇಜಿನಲ್ಲಿ ಎರಡನೇ ವರ್ಷದ ಎಂಜಿನಿಯರಿಂಗ್. ನಮ್ಮೂರು ಜಗಳೂರು ಕಡೆ. ಮಳೆ ನಂಬಿದ ಹೊಲ, ಮೆಕ್ಕೆಜೋಳ ಬಿಟ್ಟರೆ ದುಡ್ಡು ಕಾಣುವ ಬೆಳೆ ಇಲ್ಲ. ಆ ಸಲ ಜೋಳ ಮಾರಿ ಅಪ್ಪ 2,300 ರೂಪಾಯಿ ಕೊಟ್ಟಿದ್ದರು. ಪರೀಕ್ಷೆ ಫೀಸು, ರೂಮಿನ ಬಾಡಿಗೆ, ಉಳಿದದ್ದು ಮೆಸ್ಸಿಗೆ. ಕೊಡುವಾಗ ಎರಡು ಸಲ ಎಣಿಸಿದ್ದರು.

ದಾವಣಗೆರೆಯವರಿಗೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಗ್ಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ಊರಿನ ನಟ್ಟನಡುವೆ ಹುಬ್ಬಳ್ಳಿ-ಬೆಂಗಳೂರು ರೈಲು ಹಳಿ. ಗೇಟ್ ಬಿತ್ತು ಅಂದರೆ ಎರಡೂ ಕಡೆ ಆಟೋ, ಬೈಕು, ತಳ್ಳುಗಾಡಿ, ಎಲ್ಲದರ ಹಾರ್ನು. ನಡೆದು ಹೋಗುವವರು ಮಾತ್ರ ಕಂಬಿ ಕೆಳಗೆ ಬಗ್ಗಿ ದಾಟಿಬಿಡುತ್ತಿದ್ದರು. ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು, ಆದರೂ ಬಗ್ಗುತ್ತಿದ್ದರು. ಭಾನುವಾರ ಸಂಜೆ ಬಸ್ ಇಳಿದು ಬಂದ ನಾನೂ ಬಗ್ಗಿದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು.

ರೂಮಿಗೆ ಬಂದು ನೋಡಿದರೆ ಹಿಂದಿನ ಜೇಬಿನಲ್ಲಿ ಪರ್ಸ್ ಇಲ್ಲ.

ಗೇಟ್ ನೆನಪಿಗೇ ಬರಲಿಲ್ಲ ನೋಡಿ. ನೆನಪಾಗಿದ್ದು ಬಸ್ಸಿನಲ್ಲಿ ಪಕ್ಕ ಕೂತಿದ್ದವನು. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ತಲೆ ಹಾಕಿ ನಿದ್ದೆ ಹೊಡೆದಿದ್ದ. ಅದು ನಾಟಕ, ಅವನೇ ಕಳ್ಳ ಅಂತ ತೀರ್ಮಾನ ಮಾಡಿಬಿಟ್ಟೆ. ರೂಮಿನ ಹುಡುಗರಿಗೆ ಅವನ ಮೀಸೆ, ಅಂಗಿ ಬಣ್ಣ ಎಲ್ಲ ವರ್ಣಿಸಿದೆ. ಪಾಪ, ಅವನಿಗೆ ನಿಜವಾಗಲೂ ನಿದ್ದೆ ಬಂದಿತ್ತು. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿದೆ. ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಮರುದಿನ ಹತ್ತೂವರೆಗೆ ಒಂದು ಫೋನ್ ಬಂತು. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಂಡಿದ್ದ ಸ್ಟುಡಿಯೋದವರು. "ನಿಮ್ಮ ಪರ್ಸ್ ಸಿಕ್ಕಿದೆಯಂತೆ. ಮಂಡಕ್ಕಿ ಭಟ್ಟಿ ಕಡೆ ಹೋಗಿ, ವಿಳಾಸ ಬರೆದುಕೊಳ್ಳಿ" ಅಂದರು.

ಪರ್ಸಿನಲ್ಲಿ ನನ್ನ ವಿಳಾಸವೇ ಇರಲಿಲ್ಲ. ಐಡಿ ಕಾರ್ಡ್ ಕಾಲೇಜ್ ಬ್ಯಾಗಿನಲ್ಲಿತ್ತು. ಎಟಿಎಂ ಕಾರ್ಡಿನ ಮೇಲೆ ಹೆಸರು ಬಿಟ್ಟರೆ ಇನ್ನೇನಿರುತ್ತೆ? ಉಳಿದದ್ದು ಆ ಫೋಟೋಗಳ ಪುಟ್ಟ ಕವರ್. ಅದರ ಮೇಲೆ ಸ್ಟುಡಿಯೋದ ಫೋನ್ ನಂಬರ್ ಅಚ್ಚಾಗಿತ್ತು, ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ ಬಿಲ್ ನಂಬರ್. ಆ ನಂಬರ್ ಹಿಡಿದು ಸ್ಟುಡಿಯೋದವರು ತಮ್ಮ ಪುಸ್ತಕದಲ್ಲಿ ನನ್ನ ಮೊಬೈಲ್ ನಂಬರ್ ಹುಡುಕಿದ್ದರು.

ಭಟ್ಟಿ ಕಡೆ ಅದಕ್ಕೆ ಮೊದಲು ನಾನು ಹೋಗಿರಲಿಲ್ಲ. ಮಂಡಕ್ಕಿ ಮಿರ್ಚಿ ವಾರಕ್ಕೆ ನಾಲ್ಕು ದಿನ ತಿನ್ನುತ್ತಿದ್ದೆ, ಆದರೆ ಅದು ಎಲ್ಲಿಂದ ಬರುತ್ತೆ ಅಂತ ಯೋಚಿಸಿದವನೇ ಅಲ್ಲ. ಸಾಲು ಸಾಲು ಹೊಗೆಗೂಡು, ಮಸಿ ಹಿಡಿದ ಗೋಡೆ. ಒಳಗೆ ದೊಡ್ಡ ಬಾಣಲೆಯಲ್ಲಿ ಕಾದ ಮರಳು. ಉಪ್ಪು ನೀರು ಕುಡಿದು ಒಣಗಿದ ಅಕ್ಕಿಯನ್ನು ಅದಕ್ಕೆ ಸುರಿದು ನಾಲ್ಕು ಸಲ ತಿರುವುತ್ತಾರೆ, ಅಷ್ಟೇ. ಚಟಪಟ ಅಂತ ಅರಳಿ ಬಾಣಲೆ ತುಂಬಿಬಿಡುತ್ತೆ. ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬಾಗಿಲಲ್ಲಿ ನಿಂತ ನನಗೇ ಮುಖ ಸುಡುತ್ತಿತ್ತು.

ಆ ಮನುಷ್ಯ ಹೊರಗೆ ಕೂತು ಚೀಲದ ಬಾಯಿ ಹೊಲಿಯುತ್ತಿದ್ದರು. ನಮ್ಮಪ್ಪನ ವಯಸ್ಸು. ಭಟ್ಟಿಯಿಂದ ಅಂಗಡಿಗಳಿಗೆ ತಳ್ಳುಗಾಡಿಯಲ್ಲಿ ಮಂಡಕ್ಕಿ ಚೀಲ ಸಾಗಿಸುವ ಕೆಲಸ. ಗಾಡಿ ಇದ್ದವರು ಗೇಟ್ ಕೆಳಗೆ ತೂರೋಕೆ ಆಗಲ್ಲ ಅಲ್ವಾ? ಅಲ್ಲೇ ನಿಂತಿದ್ದರಂತೆ. ರೈಲು ಹೋಗಿ ಗೇಟ್ ಎದ್ದಾಗ ಗಾಡಿ ಚಕ್ರದ ಮುಂದೆಯೇ ಪರ್ಸ್.

"ಯಜಮಾನ್ರೆ, ಪರ್ಸು..." ಅಂದೆ. ತಲೆ ಎತ್ತಿ ನನ್ನ ಮುಖ ನೋಡಿದರು. ಅಂಗಿ ಜೇಬಿನಿಂದ ನನ್ನ ಫೋಟೋ ತೆಗೆದು ಅದನ್ನೂ ನೋಡಿದರು. ಆಮೇಲೆ ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು ಒಳಗಿಂದ ಪರ್ಸ್ ತಂದುಕೊಟ್ಟರು.

"ಎಣಿಸ್ಕ್ಯಪ್ಪ."

"ಬ್ಯಾಡ್ರಿ, ಇರ್ಲಿ."

"ಎಣಿಸ್ಕ್ಯ ಅಂದೆ. ಮೂರು ರೂಪಾಯಿ ಕಮ್ಮಿ ಐತಿ ಅದ್ರಾಗೆ. ಹತ್ತರ ನೋಟು ಮುರಿಸಿ ಕಾಯಿನ್ ಬಾಕ್ಸ್ ಫೋನಿಗೆ ಹಾಕೀನಿ. ಉಳಿದ ಏಳು ಅಲ್ಲೇ ಐತಿ ನೋಡು."

ಮೊದಲ ಸಲ ಸ್ಟುಡಿಯೋದಲ್ಲಿ ಫೋನ್ ಎತ್ತಿದ ಹುಡುಗ ಓನರ್ ಇಲ್ಲ ಅಂದನಂತೆ. ಎರಡನೇ ಸಲ, ಬೆಳಗ್ಗೆ ಹತ್ತಕ್ಕೆ ಮಾಡಿ ಅಂದನಂತೆ. ಮೂರನೇದಕ್ಕೆ ಓನರ್ ಸಿಕ್ಕರು. ಒಂದೊಂದಕ್ಕೆ ಒಂದೊಂದು ರೂಪಾಯಿ, ಹೀಗೆ ಬಿಡಿಸಿ ಹೇಳಿದರು. ಕೊನೆಗೆ ನಾನು ಎಣಿಸಿದೆ. ಚಿಲ್ಲರೆ ಇಡುವ ಪುಟ್ಟ ಜೇಬಿನಲ್ಲಿ ಐದರ ಒಂದು ನಾಣ್ಯ, ಒಂದರ ಎರಡು.

ಆಮೇಲೆ ನಾನು ಮಾಡಿದ ಕೆಲಸಕ್ಕೆ ಈಗಲೂ ನಾಚಿಕೆ ಆಗುತ್ತೆ. ನೂರರ ನೋಟು ತೆಗೆದು ಮುಂದೆ ಹಿಡಿದೆ. ಅವರು ಬೈಯಲಿಲ್ಲ, ಸುಮ್ನೆ ದಬ್ಬಳ ಎತ್ತಿಕೊಂಡು ಮತ್ತೆ ಹೊಲಿಯಲು ಶುರು ಮಾಡಿದರು. ನೋಟು ಹಿಡಿದ ಕೈ ಹಾಗೇ ಇತ್ತು. ಒಳಗೆ ಇಡಲೂ ಆಗದೆ, ಕೊಡಲೂ ಆಗದೆ ನಿಂತೆ. ಆ ಚೀಲ ಹೊಲಿದು ಮುಗಿಸಿದ ಮೇಲೆ ಅವರೇ ಅಂದರು, "ಯಾವ ಊರು ತಮ್ಮಾ?"

ಹೇಳಿದೆ.

"ಜೋಳದ ದುಡ್ಡೇನು?"

ಹೌದು ಅಂದೆ. ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಲಿಲ್ಲ. ಆ ಕಾಲದಲ್ಲಿ ಜಗಳೂರಿನ ಹುಡುಗನ ಜೇಬಿನಲ್ಲಿ ಇನ್ಯಾವ ದುಡ್ಡು ಇರುತ್ತಿತ್ತು ಬಿಡಿ.

"ಖರ್ಚು ಮಾಡಲೇಬೇಕು ಅಂದ್ರೆ ಮಂಡಕ್ಕಿ ತಗಂಡು ಹೋಗು. ನಮ್ ಓನರ್‌ಗೆ ವ್ಯಾಪಾರ ಆದಂಗೆ ಆಕ್ಕತಿ" ಅಂದರು.

ತಗೊಂಡೆ. ಎಷ್ಟು ಬೇಕು ಅಂತ ಕೇಳಿದಾಗ, ಮುಜುಗರಕ್ಕೆ ಜಾಸ್ತಿಯೇ ಹೇಳಿಬಿಟ್ಟೆ. ಸೈಕಲ್ ಕ್ಯಾರಿಯರ್ ಮೇಲೆ ಚೀಲ ಕಟ್ಟಿಕೊಂಡು ವಿದ್ಯಾನಗರದವರೆಗೆ ಬಂದೆ. ಈ ಸಲ ಗೇಟ್ ಬಿದ್ದಿದ್ದಾಗ ಬಗ್ಗಲಿಲ್ಲ, ಚೀಲ ಇತ್ತಲ್ಲ. ರೂಮಿನಲ್ಲಿ ನಾಲ್ವರೂ ಎರಡು ದಿನ ಈರುಳ್ಳಿ, ಪುಟಾಣಿ ಪುಡಿ ಹಾಕಿಕೊಂಡು ತಿಂದೆವು. ಆಮೇಲೆ ಅದು ಮೆತ್ತಗಾಯಿತು. ನೀರಲ್ಲಿ ನೆನೆಸಿ ಹಿಂಡಿ, ಒಗ್ಗರಣೆ ಹಾಕಿ, ಇನ್ನೂ ಮೂರು ದಿನ ಬೆಳಗ್ಗೆಗೂ ಅದೇ, ರಾತ್ರಿಗೂ ಅದೇ.