ಬರಿಗೈಯಲ್ಲಿ ಕಂಬಿ ಬಗ್ಗಿಸಬೇಕೆ? 8 ಮಿ.ಮೀ.ನಿಂದ ಶುರು ಮಾಡಬೇಡಿ

ಪ್ರಶ್ನೆ: ನನಗೆ 26 ವರ್ಷ, ಜಿಮ್ ಅಭ್ಯಾಸವಿದೆ. ಕೈಯಲ್ಲೇ ಕಬ್ಬಿಣದ ಸರಳು ಬಗ್ಗಿಸುವವರನ್ನು ನೋಡಿ ನನಗೂ ಆಸೆಯಾಯಿತು. ಮನೆ ಕಟ್ಟಿಸಿದಾಗ ಉಳಿದ 8 ಮಿ.ಮೀ. ಟಿಎಂಟಿ ಕಂಬಿಯ ಗೇಣುದ್ದದ ತುಂಡುಗಳನ್ನು ಹಿಡಿದು ಪ್ರಯತ್ನಿಸಿದೆ. ಸ್ವಲ್ಪವೂ ಬಾಗಲಿಲ್ಲ, ಮರುದಿನ ಮೊಣಕೈ ನೋವು. ನನಗೆ ಶಕ್ತಿ ಸಾಲದೇ?
— ಓದುಗರು, ದಾವಣಗೆರೆ

ಉತ್ತರ: ಇಷ್ಟರಿಂದಲೇ ಶಕ್ತಿ ಸಾಲದು ಅನ್ನಲಾಗದು. ನೀವು ಶುರು ಮಾಡಿದ ಕಂಬಿಯೇ ಜಾಸ್ತಿ ಆಯಿತು.

ಸರಳಿನ ದಪ್ಪ ಚೂರು ಏರಿದರೂ ಅದನ್ನು ಬಗ್ಗಿಸುವ ಕಷ್ಟ ಬಹಳ ಏರುತ್ತದೆ. 6 ಮಿ.ಮೀ.ಗಿಂತ 8 ಮಿ.ಮೀ. ನೋಡಲು ಸ್ವಲ್ಪವೇ ದಪ್ಪ, ಆದರೆ ಅದೇ ಉಕ್ಕಾದರೆ ಸುಮಾರು 2.4 ಪಟ್ಟು ಬಲ ಬೇಕು. ಇನ್ನು ಉಕ್ಕಿನ ಜಾತಿ. ನುಣುಪಾದ ಸಾದಾ ಮೈಲ್ಡ್ ಸ್ಟೀಲ್‌ಗೆ ಹೋಲಿಸಿದರೆ ಮನೆ ಕಟ್ಟಲು ಬಳಸುವ ಫೆ 500 ದರ್ಜೆಯ ಟಿಎಂಟಿ ಸುಮಾರು ಎರಡು ಪಟ್ಟು ಗಟ್ಟಿ. ಎರಡೂ ಸೇರಿದರೆ, 6 ಮಿ.ಮೀ. ಸಾದಾ ಸರಳಿಗಿಂತ ನಿಮ್ಮ ತುಂಡಿಗೆ ನಾಲ್ಕೂವರೆ ಪಟ್ಟಿಗೂ ಹೆಚ್ಚು ಬಲ ಬೇಕು! ಅಮೆರಿಕದ ಐರನ್‌ಮೈಂಡ್ ಸಂಸ್ಥೆಯ 'ರೆಡ್ ನೇಲ್' ಈ ಆಟದವರಿಗೆಲ್ಲ ಗೊತ್ತಿರುವ ಪರೀಕ್ಷೆ. ಅದು ಕೈಯಲ್ಲೇ ಬಗ್ಗಿಸಬೇಕಾದ ಉಕ್ಕಿನ ಸರಳು, 7 ಇಂಚು ಉದ್ದ, ಸುಮಾರು 8 ಮಿ.ಮೀ. ದಪ್ಪ. ನೀವು ಮೊದಲ ದಿನವೇ ಹೆಚ್ಚುಕಡಿಮೆ ಅಂಥದ್ದಕ್ಕೆ ಕೈ ಹಾಕಿದ್ದೀರಿ.

ಉದ್ದವನ್ನೂ ಮರೆಯಬೇಡಿ. ತುಂಡು ಗಿಡ್ಡವಾದಷ್ಟೂ ಕಷ್ಟ. ಉದ್ದ ಅರ್ಧವಾದರೆ ಬಲ ಎರಡರಷ್ಟು ಬೇಕು.

ಮೊಣಕೈ ನೋವು ಪೂರ್ತಿ ಹೋಗುವವರೆಗೆ ಕಂಬಿ ಮುಟ್ಟಬೇಡಿ. ಇದು ನನ್ನ ಕಳಕಳಿಯ ಮಾತು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಜಿಮ್‌ನಲ್ಲಿ ಬೆಳೆದ ತೋಳಿಗೆ ದಮ್ಮಿರುತ್ತದೆ, ಮಣಿಕಟ್ಟು ಮೊಣಕೈಗಳು ಇನ್ನೂ ತಯಾರಾಗಿರುವುದಿಲ್ಲ. ಗರಡಿಯಲ್ಲಿ ಗದೆ ತಿರುಗಿಸಿದವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ನೋವು ಎರಡು ವಾರ ಕಳೆದರೂ ಉಳಿದರೆ, ಬೆರಳು ಜೋಮು ಹಿಡಿದರೆ, ವೈದ್ಯರಿಗೆ ತೋರಿಸಿ. ಬಿಪಿ ಇದ್ದವರು ಅವರನ್ನು ಕೇಳದೆ ಈ ಅಭ್ಯಾಸಕ್ಕೆ ಇಳಿಯಲೇಬಾರದು, ಏಕೆಂದರೆ ಬಿಗಿಯಾಗಿ ಒತ್ತುವಾಗ ರಕ್ತದೊತ್ತಡ ಜೋರಾಗಿ ಏರುತ್ತದೆ. ಉಸಿರು ಕಟ್ಟಬೇಡಿ, ಬಿಡುತ್ತಾ ಒತ್ತಿ.

ವಿಧಾನ ಹೀಗೆ. ಸರಳಿನ ತುದಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಎರಡೂ ತುದಿಗೆ ದಪ್ಪ ಕ್ಯಾನ್ವಾಸ್ ಅಥವಾ ಚರ್ಮ ಬಿಗಿಯಾಗಿ ಸುತ್ತಿ. ಅಂಗೈ ಕೆಳಮುಖವಾಗಿರಲಿ, ಸರಳು ಗದ್ದದ ಕೆಳಗೆ ಎದೆಯ ಹತ್ತಿರ ಇರಲಿ, ಮೊಣಕೈ ದೂರ ಹೋಗದಿರಲಿ. ಮಣಿಕಟ್ಟು ಗಟ್ಟಿಯಾಗಿಟ್ಟು, ಎದೆ, ಬೆನ್ನು, ಭುಜದ ಬಲವನ್ನೆಲ್ಲ ಕೈಗೆ ತನ್ನಿ. ಮೊದಲ ಬಾಗು ಬಂದ ಮೇಲೆ ನಿಲ್ಲಿಸದೆ ಮುಂದುವರಿಸಿ. ಕೊನೆಗೆ ಬೆರಳು ಹೆಣೆದು ಎರಡೂ ತುದಿ ಹತ್ತಿರಕ್ಕೆ ಅದುಮಿ. ಬಾಗಿದ ಜಾಗ ಬಿಸಿಯಾಗಿರುತ್ತದೆ, ಮುಟ್ಟಬೇಡಿ. ಒಮ್ಮೆ ಬಾಗಿದ ಸರಳನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಅಲ್ಲಿ ಉಕ್ಕು ಗಡುಸಾಗಿರುತ್ತದೆ, ಮುರಿದು ಸಿಡಿಯಬಹುದು. ಬಹಳ ಗಡುಸಾದ ಹೈ ಟೆನ್ಸೈಲ್ ಬೋಲ್ಟ್‌ಗಳ ತಂಟೆಯೂ ಬೇಡ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ.

ಬಾಗದ ಸರಳೂ ವ್ಯರ್ಥವಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯನ್ನರ ಸೆರೆಯಲ್ಲಿದ್ದ, ಮುಂದೆ ಬಲಪ್ರದರ್ಶನಕ್ಕೆ ಹೆಸರಾದ ಅಲೆಕ್ಸಾಂಡರ್ ಝಾಸ್, ಸರಪಳಿ ಮತ್ತು ಕಂಬಿಗಳನ್ನೇ ಎಳೆದು ಒತ್ತಿ ಬಲ ಬೆಳೆಸಿಕೊಂಡರು. ನೋವು ವಾಸಿಯಾದ ಮೇಲೆ ನೀವೂ ಬಾಗದ ಸರಳನ್ನು ಐದಾರು ಸೆಕೆಂಡ್ ಹದವಾಗಿ ಒತ್ತಿ ಬಿಡಬಹುದು. ಮೈಕಟ್ಟು ದೊಡ್ಡದಿಲ್ಲ ಅಂತಲೂ ಚಿಂತೆ ಬೇಡ. ಮೊಳೆ, ಕುದುರೆ ಲಾಳ ಬಗ್ಗಿಸಿ ಹೆಸರಾದ ಜೋ ಗ್ರೀನ್‌ಸ್ಟೈನ್ ಐದೂವರೆ ಅಡಿಯೂ ಇರಲಿಲ್ಲ. ಅವರು ಹಲ್ಲಿನಲ್ಲೂ ಮೊಳೆ ಕಚ್ಚುತ್ತಿದ್ದರು, ಅದನ್ನು ಮಾತ್ರ ಅನುಸರಿಸಬೇಡಿ.

ವಾರಕ್ಕೆ ಎರಡೇ ದಿನ, ಕೆಲವೇ ತುಂಡು ಸಾಕು. ಉಳಿದ ದಿನ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಡಿಸುವ ವ್ಯಾಯಾಮ ಮಾಡಿ. ಬರೀ ಮುಷ್ಟಿ ಬಿಗಿಯುತ್ತಿದ್ದರೆ ಮೊಣಕೈ ಮತ್ತೆ ತಕರಾರು ತೆಗೆಯುತ್ತದೆ. 6 ಮಿ.ಮೀ. ಸಾದಾ ಸರಳನ್ನು 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಶುರು ಮಾಡಿ, ಆಮೇಲೆ 20, ಆಮೇಲೆ 18. ಅದು ಸಲೀಸಾದರೆ 6 ಮಿ.ಮೀ. ಟಿಎಂಟಿ, ನಂತರ 8 ಮಿ.ಮೀ. ಸಾದಾ ಸರಳು. ಮನೆಯಲ್ಲಿರುವ 8 ಮಿ.ಮೀ. ಟಿಎಂಟಿಯ ಸರದಿ ಇವೆಲ್ಲ ಆದ ಮೇಲೆ. ಆಗಲೂ ಗೇಣುದ್ದದ ತುಂಡು ಬೇಡ, ಅದರ ಎರಡರಷ್ಟು ಉದ್ದದ್ದನ್ನು ಹಿಡಿಯಿರಿ.