ಹಬ್ಬಕ್ಕೆ ಕೆಂಪು ಸೀರೆ: ಯಾವ ಕೆಂಪು, ಉಡುವುದು ಹೇಗೆ?

ಪ್ರಶ್ನೆ: ಮದುವೆಯಾದ ಮೇಲೆ ಇದು ನನಗೆ ಮೊದಲ ವರಮಹಾಲಕ್ಷ್ಮಿ ಹಬ್ಬ. ಕೆಂಪು ಸೀರೆಯನ್ನೇ ಉಡಬೇಕೆಂಬುದು ಅತ್ತೆಯವರ ಆಸೆ. ನನ್ನ ಮೈಬಣ್ಣ ಕಪ್ಪು. ಕೆಂಪು ಒಪ್ಪುವುದಿಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೇನೆ. ಧಾರೆ ಸೀರೆ ತುಂಬ ಭಾರ, ಅದನ್ನುಟ್ಟು ದಿನವಿಡೀ ಓಡಾಡಲಾಗದು. ಹತ್ತು ಸಾವಿರ ರೂಪಾಯಿಯೊಳಗೆ ಏನು ಕೊಳ್ಳಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಮಾತನ್ನು ಮನಸ್ಸಿನಿಂದ ಕಿತ್ತುಹಾಕಿ. ಕಪ್ಪು ಮೈಬಣ್ಣಕ್ಕೆ ಕೆಂಪು ಒಪ್ಪುವಷ್ಟು ಚೆನ್ನಾಗಿ ಬೇರೆ ಬಣ್ಣ ಒಪ್ಪುವುದೇ ಅಪರೂಪ. ನಿಮಗೆ ಯಾರೋ ಸಲ್ಲದ ಕೆಂಪನ್ನು ಹೊದಿಸಿ ನೋಡಿರಬೇಕು. ಕಿತ್ತಳೆಯ ಕಡೆಗೆ ವಾಲಿದ, ಕಣ್ಣಿಗೆ ರಾಚುವ ಕೆಂಪು ಯಾರು ಉಟ್ಟರೂ ಮುಖದ ಕಳೆಯನ್ನು ಮುಚ್ಚಿಬಿಡುತ್ತದೆ. ನೀವು ಅರಗಿನ ಕೆಂಪನ್ನೋ ದಾಳಿಂಬೆ ಕೆಂಪನ್ನೋ ಕುಂಕುಮಕ್ಕಿಂತ ಒಂದು ಛಾಯೆ ಗಾಢವಾದ ಕೆಂಪನ್ನೋ ಕೇಳಿ ತೆಗೆಸಿ.

ಅಂಗಡಿಯ ದೀಪವನ್ನು ಮಾತ್ರ ನಂಬಬೇಡಿ. ಅಲ್ಲಿ ಎಲ್ಲ ಕೆಂಪೂ ಚೆಂದ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಬಳಿಗೆ ಬನ್ನಿ, ಹಗಲ ಬೆಳಕಿನಲ್ಲಿ ಕನ್ನಡಿ ನೋಡಿ. ಪೂಜೆ ಬೆಳಗ್ಗೆಯೇ ಮುಗಿದರೂ ಅರಿಸಿನ ಕುಂಕುಮಕ್ಕೆ ನೆರೆಹೊರೆಯವರು ಬರುವುದು ಸಂಜೆ. ಹಾಗಾಗಿ ಸೀರೆ ಎರಡೂ ಹೊತ್ತಿನ ಬೆಳಕಿಗೆ ಸೈ ಎನಿಸಿಕೊಳ್ಳಬೇಕು. ತೀರಾ ಗಾಢವಾದ ಮರೂನ್ ದೀಪದ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ, ಫೋಟೋದಲ್ಲಂತೂ ನೆರಿಗೆಗಳೇ ತಿಳಿಯುವುದಿಲ್ಲ.

ನೀವು ಹೇಳಿದ ಮೊತ್ತಕ್ಕೆ ನನ್ನ ಆಯ್ಕೆ ಒಂದೇ: ಕೈಮಗ್ಗದ ಇಳಕಲ್ ಸೀರೆ, ಹತ್ತಿ ಮತ್ತು ರೇಷ್ಮೆ ಸೇರಿಸಿ ನೇಯ್ದದ್ದು. ಮೂರು ಅಗ್ಗದ ಸೀರೆಗಳ ಬದಲು ಇದೊಂದನ್ನು ಕೊಳ್ಳಿ. ಶ್ರಾವಣದ ಸೆಕೆಗೂ ಒಲೆಯ ಮುಂದಿನ ಕೆಲಸಕ್ಕೂ ಇದು ಹಗುರ. ಅದಕ್ಕಿಂತ ಮುಖ್ಯವಾಗಿ, ಕೆಂಪು ಈ ಸೀರೆಯ ಹುಟ್ಟುಗುಣ. ಒಡಲು ಯಾವ ಬಣ್ಣದ್ದಿರಲಿ, ಸಾಂಪ್ರದಾಯಿಕ ಇಳಕಲ್ ಸೀರೆಯ ಸೆರಗು ಕೆಂಪು ರೇಷ್ಮೆಯದು. ಅದರ ಮೇಲೆ ಬಿಳಿಯ ಗೋಪುರಗಳ ಸಾಲು. ಇದೇ ಟೋಪ್ ತೆನಿ ಸೆರಗು. ಒಡಲಿನ ಹಾಸನ್ನೂ, ಅಂದರೆ ಉದ್ದಕ್ಕೆ ಹೋಗುವ ಎಳೆಗಳನ್ನೂ, ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಳ್ಳುವಾಗ ಒಡಲು ಮತ್ತು ಸೆರಗು ಕೂಡುವ ಗೆರೆಯನ್ನು ತಿರುಗಿಸಿ ನೋಡಿ, ಬೆರಳಾಡಿಸಿ. ಕೊಂಡಿಗಳ ಸಾಲು ಸಣ್ಣ ಉಬ್ಬಾಗಿ ಬೆರಳಿಗೆ ಸಿಗಬೇಕು. ಒಡಲಿನ ಎಳೆಗಳೇ ಕಡಿಯದೆ ಸೆರಗಿನೊಳಕ್ಕೆ ಮುಂದುವರಿದಿದ್ದರೆ ಅದು ಈ ವಿಧಾನದ ನೇಯ್ಗೆಯಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದೂ ಕೇಳಿ. ವರ್ಷಗಟ್ಟಲೆ ಕಲಿತು ನೇಯುವವರ ದುಡಿಮೆಗೆ ನಿಮ್ಮ ಹಣ ಸೇರಲಿ.

ಅತ್ತೆಯವರ ಆಸೆ ಪೂರ್ತಿ ನೆರವೇರಬೇಕೆಂದರೆ ಒಡಲೂ ಅರಗಿನ ಕೆಂಪಿನದೇ ಇರಲಿ. ಆಗ ರವಿಕೆ ಮಾತ್ರ ಬೇರೆ ಬಣ್ಣದ್ದಾಗಬೇಕು. ಅಡಿಯಿಂದ ಮುಡಿಯವರೆಗೆ ಕೆಂಪೇ ಆದರೆ ಕಣ್ಣಿಗೆ ನಿಲ್ಲಲು ಜಾಗವಿರುವುದಿಲ್ಲ. ಗುಳೇದಗುಡ್ಡದ ಖಣದಲ್ಲಿ ಗಿಳಿಹಸಿರನ್ನು ಬಿಟ್ಟು ಗಾಢ ಹಸಿರು ತೆಗೆದುಕೊಳ್ಳಿ. ಖಣದ ಅಂಚು ತೋಳಿನ ಕೊನೆಗೆ ಬರುವಂತೆ ಹೊಲಿಸಿದರೆ ಬೇರೆ ಕಸೂತಿ ಬೇಕಿಲ್ಲ. ಕೈತುಂಬ ಹಸಿರು ಗಾಜಿನ ಬಳೆ, ಕೊರಳಿಗೆ ತಾಳಿಯ ಜೊತೆ ಒಂದೇ ಸರ. ಟೋಪ್ ತೆನಿ ಸೆರಗೇ ಸಾಕಷ್ಟು ಮಾತಾಡುತ್ತದೆ, ಅದರ ಮೇಲೆ ನಾಲ್ಕೆಳೆ ಸರ ಹೇರಬೇಡಿ. ಮುಡಿಗೆ ಕನಕಾಂಬರ ಬೇಡ, ಅದರ ಕಿತ್ತಳೆ ಬಣ್ಣ ಕೆಂಪಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ನಡುನಡುವೆ ಮರುಗ ಸೇರಿಸಿ ಕಟ್ಟಿದ ಮಲ್ಲಿಗೆ ದಂಡೆ ಮುಡಿಯಿರಿ.

ಕಲಶದ ಮುಂದೆ ದೀಪ ಹಚ್ಚುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಭುಜದ ಮೇಲೆ ಇಳಿಬಿಟ್ಟ ಸೆರಗು ಫೋಟೋದ ಹೊತ್ತಿಗೆ ಸಾಕು.

ಪ್ರಶ್ನೆ: ಅಮ್ಮನ ಹಳೆಯ ಕೆಂಪು ಮೈಸೂರು ರೇಷ್ಮೆ ಸೀರೆಯನ್ನು ಈ ದಸರೆಗೆ ಉಡಬೇಕೆಂದಿದ್ದೇನೆ. ಕೆನೆಬಣ್ಣದ ರವಿಕೆಗೆ ಬಣ್ಣ ಹತ್ತೀತೇ? ಜರಿಯೂ ಸ್ವಲ್ಪ ಕಪ್ಪಾಗಿದೆ.
– ಓದುಗರು, ಮೈಸೂರು

ಉತ್ತರ: ಒಳಸುತ್ತಿಗೆ ಹೋಗುವ ತುದಿಯಲ್ಲಿ ಪರೀಕ್ಷಿಸಿ. ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿ ಬಟ್ಟೆಯನ್ನು ಅಲ್ಲಿಟ್ಟು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಕೆಂಪು ಇಳಿದರೆ ಕೆನೆಬಣ್ಣದ ರವಿಕೆಯ ಆಸೆ ಬಿಡಿ, ಬೆವರಿಗೂ ಅದೇ ಗತಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಹೇಳುವವರಿದ್ದಾರೆ. ಸಡಿಲವಾದ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ, ಜರಿಗೂ ಅದು ಕೆಡುಕು.

1912ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದಿರುವ ಈ ಸೀರೆಗಳ ಜರಿಯಲ್ಲಿ ಬೆಳ್ಳಿಯೇ ಹೆಚ್ಚು, ಮೇಲೆ ಚಿನ್ನದ ತೆಳು ಲೇಪ. ಬೆಳ್ಳಿ ಕಪ್ಪಾಗುವುದು ಸಹಜ. ಹುಣಸೆಹಣ್ಣು, ನಿಂಬೆ ಎಂದು ಮನೆಮದ್ದಿಗೆ ಹೋಗಬೇಡಿ, ಚಿನ್ನದ ಲೇಪವೇ ಹೋದೀತು. ಸುಗಂಧವನ್ನು ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಂಡು ಆರಲು ಬಿಡಿ. ಹಬ್ಬ ಮುಗಿದ ಮೇಲೆ ನೆರಳಲ್ಲಿ ಗಾಳಿಗೆ ಹರಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕೆಲವು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಾನುಗಟ್ಟಲೆ ಮಡಿಸಿಟ್ಟ ರೇಷ್ಮೆ ಅಲ್ಲಿಯೇ ಹರಿಯುತ್ತದೆ. ಇಂಥ ಸೀರೆಗೆ ಹೊಸ ಕುಚ್ಚು ಕಟ್ಟಿಸಬೇಡಿ, ಹಳೆಯ ನೇಯ್ಗೆಗೆ ಆ ಭಾರ ಬೇಡ.

ಪ್ರಶ್ನೆ: ಹೆಂಡತಿ ಕೆಂಪು ಸೀರೆ ಉಡುತ್ತಾಳೆ. ನಾನೂ ಅದೇ ಕೆಂಪಿನ ಕುರ್ತಾ ಹಾಕಬೇಕೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಎರಡು ಬೇರೆ ಬಟ್ಟೆಗಳಲ್ಲಿ ಒಂದೇ ಕೆಂಪು ಸಿಗುವುದು ಕಷ್ಟ, ಪಕ್ಕಪಕ್ಕ ನಿಂತಾಗ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಕೆಂಪಂಚಿನ ಪಂಚೆ, ಕೆನೆಬಣ್ಣದ ಅಂಗಿ, ಹೆಗಲಿಗೊಂದು ಶಲ್ಯ ಸಾಕು. ಹೊಸ ಪಂಚೆಯನ್ನು ಒಮ್ಮೆ ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಒಗೆದು ಉಡಿ, ಅಂಚಿನ ಕೆಂಪು ಬಿಳಿಗೆ ಇಳಿಯುವಂತಿದ್ದರೆ ಹಬ್ಬಕ್ಕೆ ಮುಂಚೆಯೇ ಗೊತ್ತಾಗುತ್ತದೆ.