ಕಂಪನಿ ಲಾಯರ್ ಇರುವಾಗ ಸ್ವಂತಕ್ಕೆ ಇನ್ನೊಬ್ಬ ಲಾಯರ್ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅಮೆರಿಕದ ಡಲ್ಲಾಸ್‌ನಲ್ಲಿ ಎಚ್-1ಬಿ ಮೇಲೆ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ ಮೇಲೆ ಇದ್ದೀರಿ. ಗ್ರೀನ್ ಕಾರ್ಡಿಗಾಗಿ ಈಗಿನ ಕಂಪನಿ ಹಾಕಿದ ಐ-140 ಅರ್ಜಿ ಇತ್ತೀಚೆಗೆ ಅಪ್ರೂವ್ ಆಗಿದೆ. ಅಷ್ಟರಲ್ಲಿ ಬೇರೆ ಕಡೆಯಿಂದ ಒಳ್ಳೆ ಆಫರ್ ಬಂದಿದೆ. ಕಂಪನಿ ಲಾಯರ್‌ಗೇ ಕೇಳಿದರೆ ಸಾಕಾ, ಕೈಯಿಂದ ದುಡ್ಡು ಹಾಕಿ ಇನ್ನೊಬ್ಬರನ್ನು ನೋಡಬೇಕಾ, ಇಲ್ಲಾ ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತೇನೆ ಅನ್ನುವ ಬೆಂಗಳೂರಿನ ಆ ಕನ್ಸಲ್ಟೆಂಟ್‌ಗೆ ಒಪ್ಪಿಸಬಹುದಾ ಅಂತ ಕೇಳಿದ್ದೀರಿ.

ಕನ್ಸಲ್ಟೆಂಟ್ ಸಹವಾಸ ಬೇಡ. ಕಂಪನಿ ಲಾಯರ್ ಹತ್ತಿರ ಆಫರ್ ವಿಷಯ ಬಾಯಿ ಬಿಡಬೇಡಿ. ಸ್ವಂತ ಲಾಯರ್ ಒಬ್ಬರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಇಡೀ ಕೇಸು ಅವರ ಕೈಗೆ ಕೊಡುವ ಅಗತ್ಯ ಇಲ್ಲ.

ಯಾಕೆ ಅಂದರೆ, ಎಚ್-1ಬಿ ಅರ್ಜಿ ನಿಮ್ಮದಲ್ಲ, ಕಂಪನಿಯದು. ಅದರ ಐ-129 ಫಾರಂಗೆ ಸಹಿ ಹಾಕುವುದು ಕಂಪನಿ. ಐ-140 ಕೂಡ ಅಷ್ಟೇ. ಅರ್ಜಿಯ ಜೊತೆ ಜಿ-28 ಅಂತ ಒಂದು ಫಾರಂ ಹೋಗುತ್ತದೆ. ಲಾಯರ್ ಯಾರ ಪರ ನಿಂತಿದ್ದಾರೆ ಅನ್ನುವುದು ಅದರಲ್ಲಿ ಇರುತ್ತದೆ. ಸಿಕ್ಕರೆ ಒಮ್ಮೆ ನೋಡಿ. ಎಷ್ಟೋ ಲಾಯರ್‌ಗಳು ಕಂಪನಿಯನ್ನೂ ನೌಕರನನ್ನೂ ಇಬ್ಬರನ್ನೂ ತಮ್ಮ ಕಕ್ಷಿದಾರರು ಅಂತಲೇ ನೋಡುತ್ತಾರೆ. ಇಬ್ಬರಿಗೂ ಒಂದೇ ವೀಸಾ ಬೇಕಾಗಿರುವ ತನಕ ಇದರಲ್ಲಿ ತೊಂದರೆ ಏನೂ ಇಲ್ಲ. ನಿಮಗೆ ಬಿಟ್ಟು ಹೋಗಬೇಕು, ಅವರಿಗೆ ನಿಮ್ಮನ್ನು ಇಟ್ಟುಕೊಳ್ಳಬೇಕು ಅಂದಾಗಲೇ ಎಡವಟ್ಟು ಶುರುವಾಗುವುದು. ಹೀಗೆ ಇಬ್ಬರ ಪರ ನಿಂತ ಲಾಯರ್ ಸಾಮಾನ್ಯವಾಗಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವ ಹಾಗಿಲ್ಲ. ಮೇಲಾಗಿ ಬಿಲ್ ಕಟ್ಟುವುದು ಕಂಪನಿ, ಮುಂದಿನ ವರ್ಷದ ಕೇಸುಗಳು ಬರುವುದೂ ಅಲ್ಲಿಂದಲೇ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನನ್ನ ಎಚ್-1ಬಿ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಕಂಪನಿ ಲಾಯರೇ ಮಾಡಿದ್ದು, ಅಚ್ಚುಕಟ್ಟಾಗಿಯೇ ಮಾಡಿದರು. ಆದರೆ ಪರಿಚಯದವರೊಬ್ಬರು "180 ದಿನ ಯಾವತ್ತಿಂದ ಲೆಕ್ಕ?" ಅಂತ ಕಂಪನಿ ಲಾಯರ್‌ಗೆ ಮೇಲ್ ಹಾಕಿದರು, ಸ್ವಲ್ಪ ದಿನದಲ್ಲೇ ಮ್ಯಾನೇಜರ್ ಅವರನ್ನು ಕರೆದು "ಹೊರಡುವ ಯೋಚನೆಯಾ?" ಅಂತ ಕೇಳಿದರು. ಸುಮ್ನೆ ಕುತೂಹಲಕ್ಕೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು ಬಿಡಿ.

ಆ 180 ದಿನದ ವಿಷಯವೇ ನಿಮಗೆ ಈಗ ಮುಖ್ಯ. ಐ-140 ಅಪ್ರೂವ್ ಆಗಿ 180 ದಿನ ದಾಟಿದ ಮೇಲೆ ಹಳೆ ಕಂಪನಿ ಅದನ್ನು ವಾಪಸ್ ತೆಗೆದುಕೊಂಡರೂ, ಆರು ವರ್ಷದ ಮಿತಿ ಮುಗಿದ ನಂತರ ಎಚ್-1ಬಿ ಮುಂದುವರಿಸಲು ಅದನ್ನೇ ಆಧಾರವಾಗಿ ತೋರಿಸಬಹುದು. ಅದಕ್ಕೆ ಮೊದಲೇ ವಾಪಸ್ ಪಡೆದರೆ ಆ ಆಧಾರ ಹೋಗುತ್ತದೆ. ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯಲ್ಲಿ ನಿಮ್ಮ ಜಾಗ ತೋರಿಸುವ ತಾರೀಖು) ಮಾತ್ರ ನಿಮ್ಮ ಹತ್ತಿರವೇ ಉಳಿಯುತ್ತದೆ, ಮೋಸ ಅಥವಾ ದೊಡ್ಡ ತಪ್ಪಿನ ಕಾರಣಕ್ಕೆ ರದ್ದಾಗದಿದ್ದರೆ. ಹೊಸ ಕಂಪನಿ ಪರ್ಮ್‌ನಿಂದ (ಐ-140ಕ್ಕೂ ಮೊದಲು ಕಾರ್ಮಿಕ ಇಲಾಖೆಯಿಂದ ಪಡೆಯುವ ಒಪ್ಪಿಗೆ) ಮತ್ತೆ ಶುರು ಮಾಡಬೇಕು ನಿಜ, ಆದರೆ ಸರದಿಯಲ್ಲಿ ನಿಮ್ಮ ಜಾಗ ಹಳೆಯದೇ. ಇಬಿ-2, ಇಬಿ-3 ಅನ್ನುವ ಉದ್ಯೋಗದ ಗ್ರೀನ್ ಕಾರ್ಡ್ ವರ್ಗಗಳು ಎರಡರಲ್ಲೂ ಭಾರತದವರು ಹತ್ತು ವರ್ಷಕ್ಕಿಂತ ಜಾಸ್ತಿ ಕಾಯುತ್ತಿರುವಾಗ ಅದು ಸಣ್ಣ ಮಾತಲ್ಲ. ನಿಮ್ಮ ಐ-140 ಅಪ್ರೂವ್ ಆದ ತಾರೀಖು ಮೊದಲು ನೋಡಿ. ಇನ್ನು ಒಂದೆರಡು ತಿಂಗಳಲ್ಲಿ 180 ಆಗುವುದಾದರೆ ಹೊಸ ಕಂಪನಿಗೆ "ಸ್ವಲ್ಪ ತಡವಾಗಿ ಸೇರುತ್ತೇನೆ" ಅಂತ ಕೇಳಿ ನೋಡಬಹುದು. ಆರು ವರ್ಷದಲ್ಲಿ ನಿಮಗೆ ಇನ್ನೂ ಮೂರ್ನಾಲ್ಕು ವರ್ಷ ಬಾಕಿ ಇದ್ದರೆ ಇಷ್ಟು ತಲೆಬಿಸಿ ಬೇಕಿಲ್ಲ. ಹೆಂಡತಿಗೆ ಎಚ್-4 ಇಎಡಿ (ಎಚ್-1ಬಿ ಇರುವವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಇದೆ ಅಂದಿರಿ. ಅದು ನಿಂತಿರುವುದೂ ಇದೇ ಐ-140 ಮೇಲೆ, ಹಾಗಾಗಿ ಅವರ ಕೆಲಸದ ದೃಷ್ಟಿಯಿಂದಲೂ ಈ ಲೆಕ್ಕ ಹಾಕಿ.

ನಿಮ್ಮ ಲಾಯರ್‌ಗೆ ಕೇಳಬೇಕಾದದ್ದು ಇದೇ. ನನ್ನ ತಾರೀಖುಗಳನ್ನು ಇಟ್ಟುಕೊಂಡು ಯಾವತ್ತು ಹೊರಟರೆ ಏನು ಉಳಿಯುತ್ತದೆ, ಏನು ಹೋಗುತ್ತದೆ? ಅವರ ಹತ್ತಿರ ಹೋಗುವಾಗ ಎಲ್ಲಾ ಐ-797 ನೋಟಿಸ್‌ಗಳು (ಅರ್ಜಿ ತಲುಪಿದ, ಅಪ್ರೂವ್ ಆದ ಕಾಗದಗಳು), ಎಲ್‌ಸಿಎ (ನಿಮ್ಮ ಸಂಬಳ, ಕೆಲಸದ ಜಾಗದ ಬಗ್ಗೆ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಹೇಳಿಕೆ), ಕೊನೆಯ ಕೆಲವು ತಿಂಗಳ ಪೇ ಸ್ಲಿಪ್, ಪಾಸ್‌ಪೋರ್ಟ್, ಐ-94 (ಅಮೆರಿಕದಲ್ಲಿ ಯಾವತ್ತಿನ ತನಕ ಇರಬಹುದು ಅನ್ನುವ ದಾಖಲೆ) ಪ್ರಿಂಟ್ ತೆಗೆದುಕೊಂಡು ಹೋಗಿ. ಎಲ್‌ಸಿಎ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದ ಒಳಗೆ ನಿಮಗೆ ಕೊಡಬೇಕು ಅಂತ ನಿಯಮವೇ ಇದೆ, ಕೊಟ್ಟಿಲ್ಲ ಅಂದರೆ ಕೇಳಿ. ಐ-140 ಪ್ರತಿಯನ್ನು ಎಷ್ಟೋ ಕಂಪನಿಗಳು ಕೊಡುವುದೇ ಇಲ್ಲ. ಕೊನೇ ಪಕ್ಷ ರಸೀದಿ ನಂಬರ್ ಆದರೂ ಬರೆದಿಟ್ಟುಕೊಳ್ಳಿ. ನಮ್ಮ ಆರ್‌ಟಿಐ ಇದ್ದ ಹಾಗೆ ಅಲ್ಲಿ ಎಫ್‌ಒಐಎ ಅಂತ ಇದೆ, ಅದರ ಕೆಳಗೆ ನಿಮ್ಮ ಫೈಲು ಕೊಡಿ ಅಂತ ಯುಎಸ್‌ಸಿಐಎಸ್‌ಗೆ (ಈ ವೀಸಾ, ಗ್ರೀನ್ ಕಾರ್ಡ್ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆ) ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಐ-94 ಅಂದೆನಲ್ಲ, ಅದನ್ನು ಇವತ್ತೇ ತೆರೆದು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಏರ್‌ಪೋರ್ಟ್‌ನಲ್ಲಿ ಐ-94 ಅನ್ನೂ ಆ ತಾರೀಖಿಗೇ ಕತ್ತರಿಸಿ ಕೊಡುತ್ತಾರೆ. ಐ-797ನಲ್ಲಿ ಇನ್ನೂ ಎರಡು ವರ್ಷ ಇದೆ ಅಂತ ಜನ ಆರಾಮಾಗಿ ಇರುತ್ತಾರೆ, ಇತ್ತ ಐ-94 ಮುಗಿದೇ ಹೋಗಿರುತ್ತದೆ.

ಈಗ ಕನ್ಸಲ್ಟೆಂಟ್ ವಿಷಯ. ಎಚ್-1ಬಿ ಟ್ರಾನ್ಸ್‌ಫರ್ ಅರ್ಜಿ ಹಾಕಬೇಕಾದ್ದು ಹೊಸ ಕಂಪನಿ. ನೀವೇ ಹಾಕಲು ಬರುವುದಿಲ್ಲ ಅಂದ ಮೇಲೆ ನಿಮ್ಮ ಪರವಾಗಿ ಅವರೇನು ಹಾಕುತ್ತಾರೆ? ಯುಎಸ್‌ಸಿಐಎಸ್ ಮುಂದೆ ಇಂಥ ಕೇಸು ನಡೆಸುವುದು ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಲೈಸೆನ್ಸ್ ಇರುವ ವಕೀಲರು, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಪ್ರತಿನಿಧಿಗಳು. ಅಪಾಯಿಂಟ್‌ಮೆಂಟ್ ಬುಕ್ ಮಾಡಲು, ಫಾರಂ ತುಂಬಲು ಸಹಾಯ ಮಾಡುವವರ ಬಗ್ಗೆ ನನ್ನ ತಕರಾರಿಲ್ಲ. "ಎಕ್ಸ್‌ಪೀರಿಯನ್ಸ್ ಲೆಟರ್ ನಾವೇ ಅಡ್ಜಸ್ಟ್ ಮಾಡುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ವೀಸಾಕ್ಕಾಗಿ ಸುಳ್ಳು ದಾಖಲೆ ಕೊಟ್ಟದ್ದು ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು, ಮತ್ತು ಅದು ಮುಚ್ಚುವುದು ನಿಮಗೆ, ಅವರಿಗಲ್ಲ.

ಖರ್ಚಿನ ಬಗ್ಗೆಯೂ ಕೇಳಿದ್ದೀರಿ. ಎಚ್-1ಬಿ ಅರ್ಜಿಯ ಲಾಯರ್ ಫೀಸು ಕಂಪನಿಯ ಖರ್ಚು ಅಂತಲೇ ಕಾರ್ಮಿಕ ಇಲಾಖೆ ನೋಡುತ್ತದೆ. ಪರ್ಮ್ ಖರ್ಚಂತೂ 2007ರಿಂದ ಪೂರ್ತಿ ಕಂಪನಿಯದೇ, ನಿಮ್ಮಿಂದ ಕೇಳುವ ಹಾಗೇ ಇಲ್ಲ. ಐ-485, ಅಂದರೆ ಕೊನೆಯ ಹಂತದ ಗ್ರೀನ್ ಕಾರ್ಡ್ ಅರ್ಜಿಯ ಖರ್ಚು ನೀವು ಕೊಡಬಹುದು. ಬಾಂಡ್ ಬಗ್ಗೆ ಹೆದರಿಕೆ ಅಂದಿರಲ್ಲ, ಎಚ್-1ಬಿ ನೌಕರ ಅವಧಿಗೆ ಮುಂಚೆ ಬಿಟ್ಟ ಅಂತ ದಂಡ ವಸೂಲಿ ಮಾಡುವುದು ಅಲ್ಲಿ ನಿಷಿದ್ಧ. ನಿಜವಾದ ನಷ್ಟಕ್ಕೆ ಮೊದಲೇ ಒಪ್ಪಿಕೊಂಡ ಪರಿಹಾರ ಕೇಳಬಹುದು, ಆದರೆ ದಂಡ ಯಾವುದು, ಪರಿಹಾರ ಯಾವುದು ಅನ್ನುವುದು ಆಯಾ ರಾಜ್ಯದ ಕಾನೂನಿಗೆ ಬಿಟ್ಟ ವಿಷಯ. ನೀವು ಸಹಿ ಹಾಕಿದ ಕಾಗದವನ್ನೂ ಲಾಯರ್‌ಗೆ ತೋರಿಸಿ.

ಸ್ವಂತ ಲಾಯರ್‌ನ ಹುಡುಕುವುದು ಕಷ್ಟ ಅಲ್ಲ. ಇಮಿಗ್ರೇಶನ್ ಇಡೀ ದೇಶಕ್ಕೆ ಒಂದೇ ಕಾನೂನು, ಹಾಗಾಗಿ ನ್ಯೂ ಜೆರ್ಸಿ ಲಾಯರ್ ಆದರೂ ಟೆಕ್ಸಾಸ್‌ನವರ ವೀಸಾ ಕೇಸು ನೋಡಬಹುದು. ಎಐಎಲ್‌ಎ ಅನ್ನುವ ಇಮಿಗ್ರೇಶನ್ ವಕೀಲರ ಸಂಘದ ಪಟ್ಟಿಯಲ್ಲಿ ಹುಡುಕಿ. ಹೆಸರು ಸಿಕ್ಕ ಮೇಲೆ ಅವರ ರಾಜ್ಯದ ಬಾರ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ನೋಡಿ. ಕನ್ನಡ ಬರುತ್ತದೆ ಅನ್ನುವುದಕ್ಕೇ ಯಾರನ್ನೂ ಆರಿಸಬೇಡಿ. ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ ಸಲಹೆ ಕೊಡುತ್ತಾರೆ, ನಾನೂ ಸೇರಿ.

ಇನ್ನೊಂದು, ಊರಿಗೆ ಹೋಗಿ ಬರುವ ಪ್ಲಾನ್ ಇದ್ದರೆ ಈಗ ತಡೆಯಿರಿ. 2025ರ ಸೆಪ್ಟೆಂಬರ್ 21ರಿಂದ ಹಾಕುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಅಂತ ಅಧ್ಯಕ್ಷರ ಆದೇಶ ಬಂತಲ್ಲ, ಅಮೆರಿಕದ ಒಳಗೇ ಇದ್ದು ಸ್ಟೇಟಸ್ ಸರಿಯಾಗಿರುವವರ ಎಕ್ಸ್‌ಟೆನ್ಶನ್‌ಗೆ, ಕಂಪನಿ ಬದಲಾವಣೆಗೆ ಅದು ಇಲ್ಲ ಅಂತ ಯುಎಸ್‌ಸಿಐಎಸ್ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಸ್ಟೇಟಸ್‌ನಲ್ಲಿ ತೊಡಕಿದ್ದು ಎಕ್ಸ್‌ಟೆನ್ಶನ್ ಕೊಡಲು ಬರುವುದಿಲ್ಲ ಅಂದರೆ, ಅಥವಾ ಅರ್ಜಿ ಹಾಕುವಾಗ ನೀವು ವೀಸಾ ಇಲ್ಲದೆ ಹೊರಗಿದ್ದರೆ ಕಥೆ ಬೇರೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ಆ ಒಂದು ಗಂಟೆಯಲ್ಲಿ ಇದನ್ನೂ ಕೇಳಿಬಿಡಿ.

ರಾಜೀನಾಮೆ ಯಾವಾಗ ಅಂದರೆ, ಕಾನೂನು ಪ್ರಕಾರ ಹೊಸ ಕಂಪನಿಯ ಅರ್ಜಿ ತಲುಪಿದ ತಕ್ಷಣ ಅಲ್ಲಿ ಕೆಲಸ ಶುರು ಮಾಡಬಹುದು. ನಾನಾದರೆ ಅಪ್ರೂವಲ್ ಬರುವ ತನಕ ಕಾಯುತ್ತೇನೆ. ಹೆಚ್ಚುವರಿ ಫೀಸು ಕಟ್ಟಿ ಪ್ರೀಮಿಯಂ ಪ್ರೊಸೆಸಿಂಗ್ ಹಾಕಿದರೆ 15 ಕೆಲಸದ ದಿನಗಳಲ್ಲಿ ಒಂದು ಉತ್ತರ ಬರುತ್ತದೆ. ಅದರ ಫೀಸು ನೀವೇ ಕೊಡಿ ಅಂತ ಹೊಸ ಕಂಪನಿ ಕೇಳಿದರೆ ಮೊದಲು "ಇದು ನಿಮ್ಮ ಖರ್ಚಲ್ವಾ?" ಅಂತ ಕೇಳಿ. ಮೂರು ವಾರದ ಅವಸರ ಅವರಿಗೇ ಜಾಸ್ತಿ ಇರುತ್ತದೆ, ಬಹಳ ಸಲ ಒಪ್ಪಿಕೊಳ್ಳುತ್ತಾರೆ.